ಸ್ಯಾನ್ ಸ್ವಿಚ್‌ಗೆ ಹೆಸರು ಹೇಳಿದರೆ ಸಾಲದು, ಯಾವ ಪೋರ್ಟ್ ಅಂತಲೂ ಹೇಳಬೇಕು

ಲನ್‌ಗೆ, ಅಂದರೆ ಸ್ಟೋರೇಜ್ ಪೆಟ್ಟಿಗೆಯಿಂದ ಸರ್ವರ್‌ಗೆ ಪಾಲು ಮಾಡಿ ಕೊಡುವ ಡಿಸ್ಕ್‌ಗೆ, ಪಾಸ್‌ವರ್ಡ್ ಇಲ್ಲ. ಸ್ಟೋರೇಜ್ ಟೀಮಿಗೆ ಹೊಸದಾಗಿ ಬಂದವರಿಗೆ ನಾನು ಮೊದಲ ದಿನವೇ ಹೇಳುವ ಮಾತು ಇದು.

ಫೈಲ್ ಸರ್ವರ್‌ನಲ್ಲಿ ಒಂದು ಫೋಲ್ಡರ್ ತೆಗೆಯಬೇಕು ಅಂದರೆ ಯೂಸರ್ ಹೆಸರು ಬೇಕು, ಪಾಸ್‌ವರ್ಡ್ ಬೇಕು, ಆ ಫೋಲ್ಡರ್ ಮೇಲೆ ಪರ್ಮಿಷನ್ ಇರಬೇಕು. ಸ್ಯಾನ್‌ನಲ್ಲಿ, ಅಂದರೆ ಸರ್ವರ್‌ಗಳನ್ನು ಸ್ಟೋರೇಜ್‌ಗೆ ಜೋಡಿಸುವ ನೆಟ್‌ವರ್ಕ್‌ನಲ್ಲಿ, ಸರ್ವರ್‌ಗೆ ಸಿಗುವುದು ಬರೀ ಡಿಸ್ಕ್. ಅದು ಸರ್ವರ್ ಕಣ್ಣಿಗೆ ಬಿತ್ತು ಅಂದರೆ ಓದಬಹುದು, ಬರೆಯಬಹುದು, ಫಾರ್ಮ್ಯಾಟ್ ಕೂಡ ಮಾಡಬಹುದು. ಯಾರದೋ ಡೇಟಾಬೇಸ್ ಇರುವ ಲನ್ ಇನ್ಯಾವುದೋ ಸರ್ವರ್‌ಗೆ ಕಂಡು, ಅಲ್ಲಿ ಕೂತವರು ಹೊಸ ಡಿಸ್ಕ್ ಬಂದಿದೆ ಅಂದುಕೊಂಡು ಇನಿಶಿಯಲೈಸ್ ಒತ್ತಿದರೆ, ಸ್ಟೋರೇಜ್ ಏನೂ ಕೇಳದೆ ಬರೆದುಬಿಡುತ್ತದೆ. ಹಾಗಾಗಿ ಸ್ಯಾನ್‌ನಲ್ಲಿ ಕಾಪಾಡುವುದು ಅಂದರೆ ಬೇಡದವರಿಗೆ ಕಾಣದಂತೆ ಮಾಡುವುದು. ಆ ಕೆಲಸದ ದೊಡ್ಡ ಪಾಲು ನಡುವೆ ಕೂತಿರುವ ಸ್ವಿಚ್‌ನದು.

ಇಲ್ಲಿ ನಾನು ಹೇಳುತ್ತಿರುವುದು ಸ್ಯಾನ್‌ನಲ್ಲಿ ಬಳಸುವ ಫೈಬರ್ ಚಾನೆಲ್ ಸ್ವಿಚ್‌ನ ಪೋರ್ಟ್ ಸೆಕ್ಯುರಿಟಿ ಬಗ್ಗೆ, ಜಾಸ್ತಿ ಸಿಸ್ಕೋ ಎಂಡಿಎಸ್, ಸ್ವಲ್ಪ ಬ್ರೋಕೇಡ್. ಈಥರ್ನೆಟ್ ಸ್ವಿಚ್‌ನಲ್ಲೂ ಪೋರ್ಟ್ ಸೆಕ್ಯುರಿಟಿ ಅಂತ ಒಂದಿದೆ, ಅದು ಮ್ಯಾಕ್ ಅಡ್ರೆಸ್ ನೋಡುತ್ತದೆ. ಹೆಸರು ಒಂದೇ ಆದರೂ ಕಮಾಂಡ್ ಬೇರೆ, ನಡೆಯುವ ರೀತಿಯೂ ಬೇರೆ. ನೆಟ್‌ವರ್ಕ್ ಟೀಮಿನಿಂದ ಬಂದವರು ಇಲ್ಲಿ ಮೊದಲು ಎಡವುತ್ತಾರೆ.

ಸರ್ವರ್‌ನಿಂದ ಕೇಬಲ್ ಎಳೆದು ಸ್ವಿಚ್‌ಗೆ ಚುಚ್ಚಿದಾಗ ಏನಾಗುತ್ತದೆ ನೋಡೋಣ. ಸರ್ವರನ್ನು ಸ್ಯಾನ್‌ಗೆ ಜೋಡಿಸುವ ಎಚ್‌ಬಿಎ ಕಾರ್ಡ್ ಮೊದಲು ಫ್ಯಾಬ್ರಿಕ್‌ಗೆ, ಅಂದರೆ ಸ್ವಿಚ್‌ಗಳೆಲ್ಲ ಸೇರಿದ ಜಾಲಕ್ಕೆ, ಲಾಗಿನ್ ಆಗುತ್ತದೆ. ನಾವು ಅದನ್ನು ಫ್ಲೋಗಿ ಅಂತೀವಿ. ಲಾಗಿನ್ ಅಂದ ತಕ್ಷಣ ಪಾಸ್‌ವರ್ಡ್ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದಿಲ್ಲ. ಕಾರ್ಡ್ ತನ್ನ ವರ್ಲ್ಡ್ ವೈಡ್ ನೇಮ್ (ಡಬ್ಲ್ಯೂಡಬ್ಲ್ಯೂಎನ್) ಹೇಳುತ್ತದೆ, ಅಷ್ಟೆ. ಇದು 64 ಬಿಟ್‌ನ ಸಂಖ್ಯೆ. ಎರಡೆರಡು ಹೆಕ್ಸ್ ಅಂಕಿಯ (0ಯಿಂದ 9, ಎಯಿಂದ ಎಫ್) 8 ಜೋಡಿಯಾಗಿ, ನಡುವೆ ಕೋಲನ್ ಹಾಕಿ ಬರೆಯುತ್ತೇವೆ. ಕೆಲವು ವರ್ಷ ಈ ಕೆಲಸ ಮಾಡಿದವರಿಗೆ ಮೊದಲ ನಾಲ್ಕೈದು ಜೋಡಿ ನೋಡಿದರೆ ಸಾಕು, ಯಾರ ವಸ್ತು ಅಂತ ಗೊತ್ತಾಗುತ್ತದೆ. 50:06:01:6 ಅಂತ ಶುರುವಾದರೆ ಇಎಂಸಿ ಸ್ಟೋರೇಜ್. 10:00:00:00 ಆದ ಮೇಲೆ ಸಿ9 ಬಂದರೆ ಎಮುಲೆಕ್ಸ್ ಕಾರ್ಡ್.

ಹೆಸರು ಕೇಳಿಸಿಕೊಂಡ ಸ್ವಿಚ್ ಆ ಕಾರ್ಡಿಗೆ 24 ಬಿಟ್‌ನ ಒಂದು ವಿಳಾಸ ಕೊಡುತ್ತದೆ. ಅದರ ಮೊದಲ 8 ಬಿಟ್ ಯಾವ ಸ್ವಿಚ್ ಅಂತ ಹೇಳುವ ಡೊಮೈನ್ ಐಡಿ. ಇದು 1ರಿಂದ 239ರವರೆಗೆ ಇರಬಹುದು. ವಿಳಾಸ ಸಿಕ್ಕ ಕಾರ್ಡ್ ಸ್ವಿಚ್ ಒಳಗಿನ ನೇಮ್ ಸರ್ವರ್ ಹತ್ತಿರ ಹೋಗಿ ತನ್ನ ಹೆಸರು ನೋಂದಾಯಿಸಿ, ನಾನು ಯಾರ ಜೊತೆ ಮಾತಾಡಬಹುದು ಅಂತ ಕೇಳುತ್ತದೆ. ಇಷ್ಟು ಮಾತುಕತೆಯಲ್ಲಿ "ನೀನು ನಿಜವಾಗಿ ಅವನೇನಾ?" ಅಂತ ಯಾರೂ ಕೇಳಲೇ ಇಲ್ಲ.

ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಿಜಿಸ್ಟರ್ ಇಟ್ಟಿರುತ್ತಾರಲ್ಲ, ಹಾಗೆ. ಬಂದವರು ಹೆಸರು ಬರೆದು ಫ್ಲ್ಯಾಟ್ ನಂಬರ್ ಬರೆದರೆ ಒಳಗೆ ಬಿಡುತ್ತಾರೆ. ಬರೆದ ಹೆಸರು ಅವರದೇನಾ ಅಂತ ನೋಡುವವರು ಯಾರು?

ಡಬ್ಲ್ಯೂಡಬ್ಲ್ಯೂಎನ್ ಕಾರ್ಡಿನಲ್ಲೇ ಕೊರೆದು ಬಂದಿರುತ್ತದೆ, ಬದಲಾಯಿಸಲು ಆಗಲ್ಲ ಅಂತ ಬಹಳ ಜನ ನಂಬಿದ್ದಾರೆ. ಆಗುತ್ತದೆ. ಒಂದೇ ಚಾಸಿಸ್‌ನಲ್ಲಿ ಸಾಲಾಗಿ ಕೂರುವ ಬ್ಲೇಡ್ ಸರ್ವರ್‌ಗಳಲ್ಲಂತೂ ಅದು ದಿನನಿತ್ಯದ ಕೆಲಸ. ಪ್ರೊಫೈಲ್‌ನಲ್ಲಿ ಒಂದು ಹೆಸರು ಬರೆದಿಟ್ಟರೆ ಯಾವ ಬ್ಲೇಡ್ ಮೇಲೆ ಹಾಕಿದರೂ ಅದೇ ಹೆಸರಿನಲ್ಲಿ ಲಾಗಿನ್ ಆಗುತ್ತದೆ. ವರ್ಚುವಲ್ ಮಷೀನಿಗೆ ಎನ್‌ಪಿಐವಿ ಕೊಟ್ಟರೆ ಒಂದೇ ಪೋರ್ಟಿನಿಂದ ಹತ್ತಾರು ಹೆಸರು ಬರಬಹುದು. ಅನುಕೂಲಕ್ಕೆ ಅಂತ ಮಾಡಿದ ವ್ಯವಸ್ಥೆ ಇದು, ತಪ್ಪೇನಿಲ್ಲ. ಆದರೆ ಹೆಸರನ್ನು ಸಾಫ್ಟ್‌ವೇರ್‌ನಲ್ಲಿ ಬರೆಯಬಹುದು ಅಂದ ಮೇಲೆ ಬೇರೆಯವರ ಹೆಸರನ್ನೂ ಬರೆಯಬಹುದು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಬರುತ್ತದೆ. ಝೋನಿಂಗ್ ಇದೆಯಲ್ಲ, ಇನ್ನೇನು ಬೇಕು? ಝೋನಿಂಗ್ ಅಂದರೆ ಯಾರು ಯಾರ ಜೊತೆ ಮಾತಾಡಬಹುದು ಅಂತ ಸ್ವಿಚ್‌ನಲ್ಲಿ ಗುಂಪು ಮಾಡಿ ಬರೆದಿಡುವುದು. ಝೋನಿಂಗ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದು ಝೋನ್‌ಗೆ ಒಂದೇ ಸರ್ವರ್ ಪೋರ್ಟ್, ಅದಕ್ಕೆ ಬೇಕಾದ ಸ್ಟೋರೇಜ್ ಪೋರ್ಟ್, ಬೇರೇನೂ ಬೇಡ. ಡೀಫಾಲ್ಟ್ ಝೋನ್ ಯಾವಾಗಲೂ ಡಿನೈ ಇರಬೇಕು. ಆದರೆ ನಾವು ಝೋನ್ ಬರೆಯುವುದು ಹೆಚ್ಚಾಗಿ ಡಬ್ಲ್ಯೂಡಬ್ಲ್ಯೂಎನ್ ಮೇಲೆ. ಆಚೆ ಸ್ಟೋರೇಜ್‌ನಲ್ಲಿ ಲನ್ ಮಾಸ್ಕಿಂಗ್ ಮಾಡುತ್ತೇವೆ, ಈ ಲನ್ ಈ ಹೋಸ್ಟ್‌ಗೆ ಮಾತ್ರ ಅಂತ. ಆ ಹೋಸ್ಟನ್ನು ಗುರುತಿಸುವುದೂ ಅದೇ ಡಬ್ಲ್ಯೂಡಬ್ಲ್ಯೂಎನ್‌ನಿಂದ. ಬಾಗಿಲಿಗೆ ಎರಡು ಬೀಗ ಹಾಕಿದ್ದೇವೆ ಅಂತ ನಿಶ್ಚಿಂತೆಯಿಂದ ಇರುತ್ತೇವೆ, ಆದರೆ ಎರಡಕ್ಕೂ ಒಂದೇ ಕೀ. ಆ ಒಂದು ಹೆಸರನ್ನು ಹೇಳಬಲ್ಲ ಯಂತ್ರಕ್ಕೆ ಎರಡೂ ಒಟ್ಟಿಗೆ ತೆರೆಯುತ್ತವೆ.

ಡೊಮೈನ್ ಮತ್ತು ಪೋರ್ಟ್ ನಂಬರ್ ಮೇಲೆ ಝೋನ್ ಬರೆಯಬಹುದು. ಆಗ ಹೆಸರು ಕದ್ದು ಉಪಯೋಗ ಇಲ್ಲ. ಆದರೆ ಆ ಪೋರ್ಟಿಗೆ ಯಾರು ಬಂದು ಕೇಬಲ್ ಚುಚ್ಚಿದರೂ ಆ ಝೋನ್ ಅವರದಾಗುತ್ತದೆ. ಎನ್‌ಪಿಐವಿ ಇದ್ದರೆ ಒಂದು ಪೋರ್ಟಿನ ಹಿಂದಿನ ಹತ್ತು ಸರ್ವರ್‌ಗಳನ್ನು ಬೇರೆ ಮಾಡಲೂ ಆಗಲ್ಲ.

ಪೋರ್ಟ್ ಸೆಕ್ಯುರಿಟಿ ಮಾಡುವುದು ಇಷ್ಟೇ: ಹೆಸರನ್ನೂ ಜಾಗವನ್ನೂ ಒಟ್ಟಿಗೆ ಕಟ್ಟುತ್ತದೆ. ಈ ಡಬ್ಲ್ಯೂಡಬ್ಲ್ಯೂಎನ್ ಈ ಸ್ವಿಚ್‌ನ ಈ ಪೋರ್ಟಿನಿಂದ ಬಂದರೆ ಮಾತ್ರ ಒಳಗೆ. ಅದೇ ಹೆಸರು ಪಕ್ಕದ ಪೋರ್ಟಿನಿಂದ ಬಂದರೆ ಇಲ್ಲ. ಅದೇ ಪೋರ್ಟಿನಿಂದ ಬೇರೆ ಹೆಸರು ಬಂದರೂ ಇಲ್ಲ. ಇದು ಝೋನಿಂಗ್‌ಗಿಂತ ಮುಂಚೆ, ಫ್ಲೋಗಿ ಹಂತದಲ್ಲೇ ನಡೆಯುತ್ತದೆ. ವಿಳಾಸವೇ ಸಿಗಲಿಲ್ಲ ಅಂದ ಮೇಲೆ ಮುಂದಿನ ಮಾತೇ ಇಲ್ಲ.

ಎಂಡಿಎಸ್‌ನಲ್ಲಿ ಇದು ವಿಸ್ಯಾನ್ ಲೆಕ್ಕದಲ್ಲಿ ನಡೆಯುತ್ತದೆ. ವಿಸ್ಯಾನ್ ಅಂದರೆ ಒಂದೇ ಸ್ವಿಚ್ ಒಳಗೆ ಪಾಲು ಮಾಡಿಟ್ಟ ಬೇರೆ ಬೇರೆ ಫ್ಯಾಬ್ರಿಕ್. ಮೊದಲು "ಫೀಚರ್ ಪೋರ್ಟ್-ಸೆಕ್ಯುರಿಟಿ" ಅಂತ ಕೊಟ್ಟು ಫೀಚರ್ ಆನ್ ಮಾಡಬೇಕು. ಅದಷ್ಟಕ್ಕೇ ಏನೂ ಆಗುವುದಿಲ್ಲ. ಆಮೇಲೆ "ಪೋರ್ಟ್-ಸೆಕ್ಯುರಿಟಿ ಆಕ್ಟಿವೇಟ್ ವಿಸ್ಯಾನ್ 10" ಅಂದರೆ ಆ ವಿಸ್ಯಾನ್‌ಗೆ ಜೀವ ಬರುತ್ತದೆ. ನೀವು ಬೇಡ ಅಂತ ಹೇಳದಿದ್ದರೆ ಇದರ ಜೊತೆಗೇ ಆಟೋ-ಲರ್ನ್ ಕೂಡ ಶುರುವಾಗುತ್ತದೆ. ಸ್ವಿಚ್ ಈಗಾಗಲೇ ಲಾಗಿನ್ ಆಗಿರುವವರನ್ನೆಲ್ಲ ನೋಡಿ, ಇನ್ನು ಮುಂದೆ ಬರುವವರನ್ನೂ ನೋಡಿ, ಯಾರು ಯಾವ ಪೋರ್ಟಿನಲ್ಲಿ ಅಂತ ತಾನೇ ಪಟ್ಟಿ ಬರೆದುಕೊಳ್ಳುತ್ತದೆ. ನೂರಾರು ಸರ್ವರ್ ಇರುವ ಕಡೆ ಇದನ್ನು ಕೈಯಲ್ಲಿ ಟೈಪ್ ಮಾಡಲು ಹೋದರೆ ತಪ್ಪು ಗ್ಯಾರಂಟಿ. ಹಾಗಾಗಿ ಆಟೋ-ಲರ್ನ್ ಒಳ್ಳೆಯದೇ.

ಆದರೆ ಅದನ್ನು ಆನ್ ಮಾಡಿ ಮರೆಯಬಾರದು. ಕಲಿಯುತ್ತಾ ಇರುವವರೆಗೆ ಹೊಸಬರು ಯಾರು ಬಂದರೂ ಸ್ವಿಚ್ ಅವರ ಹೆಸರನ್ನೂ ಬರೆದುಕೊಂಡು ಒಳಗೆ ಬಿಡುತ್ತದೆ. ನಾನು ನೋಡಿದ ಕೆಲವು ಕಡೆ ಆಡಿಟ್ ಶೀಟಿನಲ್ಲಿ ಪೋರ್ಟ್ ಸೆಕ್ಯುರಿಟಿ ಎನೇಬಲ್ಡ್ ಅಂತ ಟಿಕ್ ಇದೆ, ಸ್ವಿಚ್‌ನಲ್ಲಿ ಹೋಗಿ ನೋಡಿದರೆ ಆಟೋ-ಲರ್ನ್ ತಿಂಗಳುಗಟ್ಟಲೆಯಿಂದ ಓಡುತ್ತಿದೆ. ಅಂದರೆ ಕಾವಲೇ ಇಲ್ಲ. ಕಲಿತದ್ದು ಸಾಕು ಅನಿಸಿದಾಗ "ನೋ ಪೋರ್ಟ್-ಸೆಕ್ಯುರಿಟಿ ಆಟೋ-ಲರ್ನ್ ವಿಸ್ಯಾನ್ 10" ಕೊಡಬೇಕು. ಅಲ್ಲಿಂದ ಮುಂದೆ ಪಟ್ಟಿಯಲ್ಲಿ ಇಲ್ಲದವರಿಗೆ ಪ್ರವೇಶವಿಲ್ಲ.

ಇನ್ನೊಂದು ಹೆಜ್ಜೆಯನ್ನೂ ಜನ ಬಿಡುತ್ತಾರೆ. ಎಂಡಿಎಸ್‌ನಲ್ಲಿ ಎರಡು ಪಟ್ಟಿ ಇವೆ. ಒಂದು ಈಗ ಜಾರಿಯಲ್ಲಿರುವ ಆಕ್ಟಿವ್ ಡೇಟಾಬೇಸ್, ಇನ್ನೊಂದು ನೀವು ಬರೆದಿಡುವ ಕಾನ್ಫಿಗ್ ಡೇಟಾಬೇಸ್. ಕಲಿತದ್ದೆಲ್ಲ ಹೋಗುವುದು ಆಕ್ಟಿವ್‌ಗೆ. ಅದನ್ನು "ಪೋರ್ಟ್-ಸೆಕ್ಯುರಿಟಿ ಡೇಟಾಬೇಸ್ ಕಾಪಿ ವಿಸ್ಯಾನ್ 10" ಅಂತ ಕಾನ್ಫಿಗ್‌ಗೆ ತಂದುಕೊಳ್ಳಬೇಕು, ಆಮೇಲೆ ರನ್ನಿಂಗ್ ಕಾನ್ಫಿಗ್ ಸೇವ್ ಮಾಡಬೇಕು. ಫ್ಯಾಬ್ರಿಕ್‌ನಲ್ಲಿ ನಾಲ್ಕು ಸ್ವಿಚ್ ಇದ್ದರೆ ನಾಲ್ಕರಲ್ಲೂ ಪಟ್ಟಿ ಸರಿಯಿದೆಯಾ ನೋಡಬೇಕು. ಬದಲಾವಣೆಯನ್ನು ಎಲ್ಲ ಸ್ವಿಚ್‌ಗೂ ತಾನೇ ಹಂಚುವ ಡಿಸ್ಟ್ರಿಬ್ಯೂಟ್ ಆನ್ ಮಾಡಿದ್ದರೆ ಕಮಿಟ್ ಕೊಡದೆ ಯಾವ ಬದಲಾವಣೆಯೂ ಜಾರಿಗೆ ಬರುವುದಿಲ್ಲ, ಇದನ್ನು ನೆನಪಿಡಿ.

ಕಲಿಕೆ ಎಷ್ಟು ದಿನ ಬಿಡಬೇಕು? ಇದರಲ್ಲೇ ಜಾಸ್ತಿ ಏಟು ತಿನ್ನುವುದು. ಆ ಹೊತ್ತಿನಲ್ಲಿ ಲಾಗಿನ್ ಆಗದವರು ಪಟ್ಟಿಗೆ ಸೇರುವುದಿಲ್ಲ. ಆಫ್ ಆಗಿರುವ ಸ್ಟ್ಯಾಂಡ್‌ಬೈ ಸರ್ವರ್, ತಿಂಗಳ ಕೊನೆಗೆ ಮಾತ್ರ ಏಳುವ ಬ್ಯಾಕಪ್ ಸರ್ವರ್, ರಿಪೇರಿಗೆ ಹೋಗಿರುವ ಟೇಪ್ ಡ್ರೈವ್, ಇವೆಲ್ಲ ಹೊರಗೇ ಉಳಿಯುತ್ತವೆ. ಎಲ್ಲ ಚೆನ್ನಾಗಿದೆ ಅಂತ ಆರು ತಿಂಗಳು ಕಳೆಯುತ್ತದೆ. ಒಂದು ರಾತ್ರಿ ಮೇನ್ ಸರ್ವರ್ ಬಿದ್ದು ಸ್ಟ್ಯಾಂಡ್‌ಬೈ ಎದ್ದಾಗ ಸ್ವಿಚ್ ಅದನ್ನು ಯಾರು ನೀನು ಅಂತ ಹೊರಗೆ ನಿಲ್ಲಿಸುತ್ತದೆ. ತೀರಾ ಬೇಕಾದ ಗಳಿಗೆಯಲ್ಲೇ ಹೀಗಾಗುವುದು.

ಬ್ಲೇಡ್ ಚಾಸಿಸ್ ಇದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಚಾಸಿಸ್ ಒಳಗಿನ ಸ್ವಿಚ್ ಎನ್‌ಪಿವಿ ಮೋಡ್‌ನಲ್ಲಿದ್ದರೆ ಬ್ಲೇಡ್‌ಗಳ ಲಾಗಿನ್‌ಗಳನ್ನು ಕೋರ್ ಸ್ವಿಚ್‌ಗೆ ಹೋಗುವ ತನ್ನ ಅಪ್‌ಲಿಂಕ್ ಕೇಬಲ್‌ಗಳಿಗೆ ಹಂಚಿರುತ್ತದೆ. ಒಂದು ಬ್ಲೇಡ್ ಇವತ್ತು ಕೋರ್ ಸ್ವಿಚ್‌ನ 5ನೇ ಪೋರ್ಟಿನಿಂದ ಬರುತ್ತಿದೆ, ಸ್ವಿಚ್ ಅದನ್ನೇ ಕಲಿತಿದೆ. ನಾಳೆ 5ನೇ ಅಪ್‌ಲಿಂಕ್ ಕೇಬಲ್ ಹೋಯಿತು. ಬ್ಲೇಡ್ 6ನೇ ಪೋರ್ಟಿನಿಂದ ಬರಲು ನೋಡುತ್ತದೆ, ಬಾಗಿಲು ಮುಚ್ಚಿರುತ್ತದೆ. ಅಪ್‌ಲಿಂಕ್ ಎರಡು ಇಟ್ಟಿದ್ದೇ ಒಂದು ಹೋದರೆ ಇನ್ನೊಂದು ಇರಲಿ ಅಂತ. ಆ ಉದ್ದೇಶವೇ ಕೆಟ್ಟಿತಲ್ಲ. ಹಾಗಾಗಿ ಅಂಥ ಕಡೆ ಒಂದೊಂದು ಹೆಸರನ್ನೂ ಎಲ್ಲ ಅಪ್‌ಲಿಂಕ್ ಪೋರ್ಟುಗಳಿಗೂ ಬರೆಯಬೇಕು, ಇಲ್ಲ ಅಪ್‌ಲಿಂಕ್‌ಗಳನ್ನೆಲ್ಲ ಸೇರಿಸಿ ಒಂದೇ ಲಿಂಕಿನ ಹಾಗೆ ಪೋರ್ಟ್-ಚಾನೆಲ್ ಮಾಡಿ ಅದಕ್ಕೆ ಕಟ್ಟಬೇಕು. ಬರೆದಾದ ಮೇಲೆ ಒಂದು ಅಪ್‌ಲಿಂಕ್ ಶಟ್ ಮಾಡಿ ಟೆಸ್ಟ್ ಮಾಡಿ. ಟೆಸ್ಟ್ ಮಾಡದ ಫೇಲ್‌ಓವರ್ ಮೇಲೆ ನನಗೆ ನಂಬಿಕೆಯಿಲ್ಲ.

ನನ್ನದೇ ಒಂದು ಶನಿವಾರ ರಾತ್ರಿಯ ಕಥೆ ಹೇಳುತ್ತೇನೆ. ಒಂದು ಡೇಟಾಬೇಸ್ ಸರ್ವರ್‌ನ ಎರಡು ಎಚ್‌ಬಿಎ ಕಾರ್ಡುಗಳಲ್ಲಿ ಒಂದು ಹಾಳಾಗಿತ್ತು. ಬದಲಾಯಿಸಲು ಬಂದ ಹುಡುಗ ಕಾರ್ಡಿನ ಮೇಲಿನ ಸ್ಟಿಕ್ಕರ್ ನೋಡಿ ಫೋನಿನಲ್ಲಿ ನಂಬರ್ ಓದಿದ. ನಾನು ಬರೆದುಕೊಂಡೆ. ಝೋನ್ ಬದಲಾಯಿಸಿದೆ, ಸ್ಟೋರೇಜ್‌ನಲ್ಲಿ ಮಾಸ್ಕಿಂಗ್ ಬದಲಾಯಿಸಿದೆ, ಪೋರ್ಟ್ ಸೆಕ್ಯುರಿಟಿ ಪಟ್ಟಿಯಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿ ಆಕ್ಟಿವೇಟ್ ಮಾಡಿದೆ. ಎಲ್ಲ ಕ್ರಮವಾಗಿ ಆಯಿತು.

"ಸರ್, ಕೇಬಲ್ ಹಾಕಿದ್ದೀನಿ, ಪಾತ್ ಒಂದೂ ಬರ್ತಿಲ್ಲ" ಅಂದ.

ಫ್ಲೋಗಿ ಡೇಟಾಬೇಸ್, ಅಂದರೆ ಈಗ ಲಾಗಿನ್ ಆಗಿರುವವರ ಪಟ್ಟಿ ನೋಡಿದೆ. ಆ ಪೋರ್ಟಿನಲ್ಲಿ ಯಾರೂ ಇಲ್ಲ. ಖಾಲಿ ಕಂಡಾಗ ಮನಸ್ಸು ಮೊದಲು ಓಡುವುದು ಕೇಬಲ್ ಕಡೆಗೇ. ಕೇಬಲ್ ತುದಿ ಒರೆಸಲು ಹೇಳಿದೆ. ಒರೆಸಿದ. ಪೋರ್ಟಿನಲ್ಲಿ ಕೇಬಲ್ ಕೂರುವ ಎಸ್‌ಎಫ್‌ಪಿ ಮಾಡ್ಯೂಲ್ ಬದಲಾಯಿಸಲು ಹೇಳಿದೆ. ಬದಲಾಯಿಸಿದ. ಇನ್ನೊಂದು ಕೇಬಲ್ ಎಳೆದು ನೋಡಿದೆವು. ಹೀಗೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ "ಶೋ ಪೋರ್ಟ್-ಸೆಕ್ಯುರಿಟಿ ವಯೊಲೇಷನ್ಸ್" ಕೊಟ್ಟೆ. ಅಲ್ಲಿ ಆ ಪೋರ್ಟಿನ ಮುಂದೆ ಒಂದು ಹೆಸರು ಕೂತಿತ್ತು. ನಾನು ಬರೆದುಕೊಂಡಿದ್ದಕ್ಕೂ ಅದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಕೊನೆಯ ಜೋಡಿಯಲ್ಲಿ ಬಿ ಇತ್ತು, ನನ್ನ ಹಾಳೆಯಲ್ಲಿ 8 ಇತ್ತು. ಅಷ್ಟು ಸಣ್ಣ ಸ್ಟಿಕ್ಕರನ್ನು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಓದಿದರೆ ಬಿ ಮತ್ತು 8 ಒಂದೇ ಥರ ಕಾಣುತ್ತವೆ, ಅವನನ್ನು ದೂರುವ ಹಾಗಿಲ್ಲ.

ಅವತ್ತಿನಿಂದ ನನ್ನ ಕ್ರಮ ಬದಲಾಗಿದೆ. ಕಾರ್ಡ್ ಹಾಕಿ ಕೇಬಲ್ ಚುಚ್ಚಲು ಮೊದಲು ಹೇಳುತ್ತೇನೆ. ಸ್ವಿಚ್ ಅದನ್ನು ತಳ್ಳುತ್ತದೆ, ತಳ್ಳಿದ ಹೆಸರನ್ನು ವಯೊಲೇಷನ್ ಪಟ್ಟಿಯಲ್ಲಿ ಬರೆದಿಡುತ್ತದೆ. ಸ್ಟಿಕ್ಕರಿನ ಫೋಟೋ ತರಿಸಿಕೊಂಡು ಎರಡನ್ನೂ ಹೋಲಿಸುತ್ತೇನೆ. ಹೊಂದಿದರೆ ಆ ಸಾಲನ್ನೇ ಕಾಪಿ ಮಾಡಿ ಮೂರೂ ಕಡೆ ಹಾಕುತ್ತೇನೆ. ಕೈಯಲ್ಲಿ ಟೈಪ್ ಮಾಡುವುದೇ ಇಲ್ಲ. ಮತ್ತೆ, ಡಿಸ್ಕ್ ಬರ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ಕೇಬಲ್ ಮುಟ್ಟುವ ಮೊದಲು ವಯೊಲೇಷನ್ ನೋಡುತ್ತೇನೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಪೋರ್ಟ್ ಸೆಕ್ಯುರಿಟಿ ಆಫ್ ಆಗುವುದು ಇಂಥ ರಾತ್ರಿಗಳಲ್ಲೇ. ಎರಡು ಗಂಟೆಗೆ ಕಣ್ಣು ಉರಿಯುತ್ತಿರುವಾಗ, ಸದ್ಯಕ್ಕೆ ತೆಗೆದುಬಿಡೋಣ, ಸೋಮವಾರ ಹಾಕೋಣ ಅಂತ ಯಾರೋ ಹೇಳುತ್ತಾರೆ. ಆ ಸೋಮವಾರ ಬರುವುದೇ ಇಲ್ಲ.

ಬ್ರೋಕೇಡ್‌ನಲ್ಲಿ ಇದೇ ಕೆಲಸ ಬೇರೆ ಹೆಸರಿನಲ್ಲಿದೆ. ಆ ಕಂಪನಿ 2017ರಲ್ಲಿ ಬ್ರಾಡ್‌ಕಾಮ್ ಪಾಲಾಯಿತು, ಆದರೆ ನಾವೆಲ್ಲ ಈಗಲೂ ಬ್ರೋಕೇಡ್ ಅಂತಲೇ ಕರೆಯುವುದು. ಅಲ್ಲಿ ಡಿಸಿಸಿ ಪಾಲಿಸಿ ಅಂತ ಇದೆ, ಡಿವೈಸ್ ಕನೆಕ್ಷನ್ ಕಂಟ್ರೋಲ್. ಯಾವ ಡಬ್ಲ್ಯೂಡಬ್ಲ್ಯೂಎನ್ ಯಾವ ಡೊಮೈನಿನ ಯಾವ ಪೋರ್ಟಿಗೆ ಅಂತ ಪಾಲಿಸಿ ಬರೆದು ಆಕ್ಟಿವೇಟ್ ಮಾಡಬೇಕು. ಪಾಲಿಸಿ ಬರೆಯುವವರೆಗೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಚುಚ್ಚಬಹುದು. ಒಂದು ವ್ಯತ್ಯಾಸ ಗಮನದಲ್ಲಿರಲಿ: ಎಂಡಿಎಸ್ ಲಾಗಿನ್ ತಳ್ಳುತ್ತದೆ, ಬ್ರೋಕೇಡ್‌ನಲ್ಲಿ ಡಿಸಿಸಿ ಉಲ್ಲಂಘನೆಯಾದರೆ ಪೋರ್ಟೇ ಡಿಸೇಬಲ್ ಆಗುತ್ತದೆ. ಪಾಲಿಸಿ ಸರಿಮಾಡಿದರೆ ಸಾಲದು, "ಪೋರ್ಟ್‌ಎನೇಬಲ್" ಕೂಡ ಕೊಡಬೇಕು. ಇದು ಗೊತ್ತಿಲ್ಲದೆ ಪಾಲಿಸಿಯನ್ನೇ ನಾಲ್ಕು ಸಲ ಬರೆದವರಿದ್ದಾರೆ.

ಇಲ್ಲಿಯವರೆಗೆ ಸರ್ವರ್ ಮಾತಾಯಿತು. ಬೇರೆ ಸ್ವಿಚ್ ಬಂದು ಸೇರಿಕೊಂಡರೆ? ಪೋರ್ಟನ್ನು ಆಟೋ ಮೋಡ್‌ನಲ್ಲಿ ಬಿಟ್ಟಿದ್ದರೆ ಅದು ಎದುರಿಗೆ ಸರ್ವರ್ ಬಂದರೆ ಎಫ್ ಪೋರ್ಟ್ ಆಗುತ್ತದೆ, ಸ್ವಿಚ್ ಬಂದರೆ ಇ ಪೋರ್ಟ್ ಆಗುತ್ತದೆ. ಲ್ಯಾಬಿನಲ್ಲಿದ್ದ ಹಳೆಯ ಸ್ವಿಚ್ ತಂದು ಸುಮ್ನೆ ಒಂದು ಕೇಬಲ್ ಹಾಕಿದರೆ ಅದು ನಿಮ್ಮ ಫ್ಯಾಬ್ರಿಕ್‌ನ ಭಾಗವಾಗಲು ನೋಡುತ್ತದೆ. ಡೊಮೈನ್ ಐಡಿ ಎರಡರದೂ ಒಂದೇ ಆದರೆ ಲಿಂಕ್ ಐಸೊಲೇಟ್ ಆಗಿ ಎರಡೂ ಸೇರದೇ ಇರಬಹುದು, ಅದು ಪುಣ್ಯ. ಆಗಲಿಲ್ಲ ಅಂದರೆ ಎಂಡಿಎಸ್‌ನಲ್ಲಿ ಎರಡು ಸ್ವಿಚ್‌ಗಳ ಆಕ್ಟಿವ್ ಝೋನ್‌ಸೆಟ್‌ಗಳು, ಅಂದರೆ ಜಾರಿಯಲ್ಲಿರುವ ಝೋನ್‌ಗಳ ಪಟ್ಟಿಗಳು, ಒಂದಕ್ಕೊಂದು ಸೇರಿಕೊಳ್ಳುತ್ತವೆ. ಲ್ಯಾಬಿನವರು ಯಾವತ್ತೋ ಬರೆದ ಝೋನ್‌ಗಳು ನಿಮ್ಮ ಪ್ರೊಡಕ್ಷನ್‌ನಲ್ಲಿ ಬಂದು ಕೂರುತ್ತವೆ.

ಇದಕ್ಕೆ ಮದ್ದು ಸುಲಭ. ಸರ್ವರ್ ಪೋರ್ಟುಗಳನ್ನು "ಸ್ವಿಚ್‌ಪೋರ್ಟ್ ಮೋಡ್ ಎಫ್" ಅಂತ ಕಟ್ಟಿಹಾಕಿ. ಬ್ರೋಕೇಡ್‌ನಲ್ಲಿ "ಪೋರ್ಟ್‌ಸಿಎಫ್‌ಜಿಇಪೋರ್ಟ್" ಕಮಾಂಡಿನಿಂದ ಆ ಪೋರ್ಟ್ ಇ ಪೋರ್ಟ್ ಆಗದಂತೆ ತಡೆಯಬಹುದು. ಇದಕ್ಕೆ ಹಣ ಬೇಡ, ಡೌನ್‌ಟೈಮಿನ ತಲೆನೋವೂ ಕಡಿಮೆ. ಪೋರ್ಟ್ ಸೆಕ್ಯುರಿಟಿ ಮಾಡಲು ಮನಸ್ಸು ಬಾರದವರೂ ಇದೊಂದನ್ನಾದರೂ ಇವತ್ತೇ ಮಾಡಬೇಕು. ಅದರ ಮೇಲೆ, ಯಾವ ಸ್ವಿಚ್‌ಗಳು ಫ್ಯಾಬ್ರಿಕ್‌ಗೆ ಸೇರಬಹುದು ಅಂತ ಪಟ್ಟಿ ಇಡಬಹುದು. ಎಂಡಿಎಸ್‌ನಲ್ಲಿ ಫ್ಯಾಬ್ರಿಕ್ ಬೈಂಡಿಂಗ್, ಬ್ರೋಕೇಡ್‌ನಲ್ಲಿ ಎಸ್‌ಸಿಸಿ ಪಾಲಿಸಿ. ಸ್ವಿಚ್‌ಗಳ ನಡುವೆ ನಿಜವಾದ ಪಾಸ್‌ವರ್ಡ್ ಬೇಕೆಂದರೆ ಡಿಎಚ್-ಚಾಪ್ ಇದೆ. ಸ್ವಿಚ್‌ಗೂ ಸ್ವಿಚ್‌ಗೂ ನಡುವೆ ಅದನ್ನು ಹಾಕುವುದು ಕಷ್ಟವಲ್ಲ. ಪ್ರತಿ ಸರ್ವರ್ ಕಾರ್ಡಿಗೂ ಗುಟ್ಟಿನ ಕೀ ಕೊಟ್ಟು ನೋಡಿಕೊಳ್ಳುವುದು ದೊಡ್ಡ ಕೆಲಸ. ಹಾಗಾಗಿ ಸರ್ವರ್ ಕಡೆಗೆ ಪೋರ್ಟ್ ಸೆಕ್ಯುರಿಟಿಯೇ ಸರಿ ಅಂತ ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡಿ ಸ್ವಿಚ್‌ನ ಅಡ್ಮಿನ್ ಪಾಸ್‌ವರ್ಡ್ ಟೀಮಿನ ಎಲ್ಲರಿಗೂ ಗೊತ್ತಿದ್ದರೆ ಏನು ಉಪಯೋಗ? ಹಳೆಯ ಬ್ರೋಕೇಡ್ ಸ್ವಿಚ್‌ಗಳಲ್ಲಿ ಅಡ್ಮಿನ್ ಅಕೌಂಟಿನ ಪಾಸ್‌ವರ್ಡ್ "ಪಾಸ್‌ವರ್ಡ್" ಅಂತಲೇ ಬರುತ್ತಿತ್ತು. ಯಾರೂ ಬದಲಾಯಿಸದೆ ಬಿಟ್ಟವು ಇನ್ನೂ ಇರಬಹುದು, ನಿಮ್ಮಲ್ಲಿ ಹುಡುಕಿ ನೋಡಿ. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಇರಬೇಕು, ಎಲ್ಲರ ಲಾಗಿನ್‌ಗಳನ್ನೂ ಒಂದೇ ಕಡೆ ನೋಡಿಕೊಳ್ಳುವ ಟಾಕಾಕ್ಸ್ ಅಥವಾ ರೇಡಿಯಸ್ ಸರ್ವರ್‌ನಿಂದ. ಟೆಲ್‌ನೆಟ್ ಬಂದ್, ಎಸ್‌ಎಸ್‌ಎಚ್ ಮಾತ್ರ. ಮ್ಯಾನೇಜ್‌ಮೆಂಟ್ ಪೋರ್ಟ್ ಆಫೀಸ್ ನೆಟ್‌ವರ್ಕ್‌ನಲ್ಲಿ ಇರಬಾರದು, ಬೇರೆಯೇ ಸಬ್‌ನೆಟ್‌ನಲ್ಲಿರಬೇಕು, ಯಾವ ಐಪಿಗಳಿಂದ ಬರಬಹುದು ಅಂತ ಆಕ್ಸೆಸ್ ಲಿಸ್ಟ್ ಬೇಕು. ಬರೀ ನೋಡಬೇಕಾದವರಿಗೆ ಎಂಡಿಎಸ್‌ನಲ್ಲಿ ನೆಟ್‌ವರ್ಕ್-ಆಪರೇಟರ್ ರೋಲ್ ಸಾಕು. ಮಾನಿಟರಿಂಗ್ ಟೂಲಿಗೂ ಅದೇ ಸಾಕು, ಆದರೆ ಬಹಳ ಕಡೆ ಅದಕ್ಕೆ ನೆಟ್‌ವರ್ಕ್-ಅಡ್ಮಿನ್ ಕೊಟ್ಟಿರುತ್ತಾರೆ, ಬೇಗ ಕೆಲಸ ಆಗಲಿ ಅಂತ. ಒಂದು ವಿಸ್ಯಾನ್‌ಗೆ ಮಾತ್ರ ಅಧಿಕಾರ ಇರುವ ರೋಲ್ ಕೂಡ ಮಾಡಬಹುದು. ಟೆಸ್ಟ್ ಟೀಮಿಗೆ ಅವರ ವಿಸ್ಯಾನ್ ಕೊಟ್ಟುಬಿಡಿ, ಪ್ರೊಡಕ್ಷನ್ ಅವರ ಕೈಗೆ ಸಿಗುವುದಿಲ್ಲ. ಲಾಗ್‌ಗಳನ್ನು ಹೊರಗಿನ ಸಿಸ್‌ಲಾಗ್ ಸರ್ವರ್‌ಗೆ ಕಳಿಸಿ, ಎನ್‌ಟಿಪಿ ಸರಿಯಿರಲಿ. ಗಡಿಯಾರ ತಪ್ಪಿರುವ ಸ್ವಿಚ್‌ನ ಲಾಗ್ ಹಿಡಿದು ಯಾರು ಯಾವಾಗ ಏನು ಮಾಡಿದರು ಅಂತ ಹುಡುಕುವುದು ನರಕ.

ಹೊಸದಾಗಿ ಜಾರಿಗೆ ತರುವವರು ಎರಡೂ ಫ್ಯಾಬ್ರಿಕ್‌ಗಳಲ್ಲಿ ಒಂದೇ ದಿನ ಮಾಡಬೇಡಿ. ಸಾಮಾನ್ಯವಾಗಿ ಪ್ರತಿ ಸರ್ವರ್‌ಗೂ ಎ ಮತ್ತು ಬಿ ಎರಡು ಫ್ಯಾಬ್ರಿಕ್‌ನಿಂದ ದಾರಿ ಇರುತ್ತದೆ. ಎ ಕಡೆ ಹಾಕಿ ಒಂದು ತಿಂಗಳು ನೋಡಿ. ತಿಂಗಳ ಕೊನೆಯ ಬ್ಯಾಕಪ್ ಓಡಲಿ, ಒಂದು ರೀಬೂಟ್ ಆಗಲಿ, ಸ್ಟ್ಯಾಂಡ್‌ಬೈ ಒಮ್ಮೆ ಏಳಲಿ. ಏನು ತಪ್ಪಿದ್ದರೂ ಬಿ ಕಡೆಯ ದಾರಿ ಕೈ ಹಿಡಿಯುತ್ತದೆ.

ಪಟ್ಟಿಗೆ ಸೇರಿಸುವುದಕ್ಕಿಂತ ಪಟ್ಟಿಯಿಂದ ತೆಗೆಯುವುದು ಮುಖ್ಯ ಅಂತ ನನಗೆ ಈಚೆಗೆ ಅನಿಸುತ್ತಿದೆ. ಸರ್ವರ್ ರಿಟೈರ್ ಆದಾಗ ವಿದ್ಯುತ್ ತೆಗೆಯುತ್ತಾರೆ, ರ‍್ಯಾಕಿನಿಂದ ಇಳಿಸುತ್ತಾರೆ, ಅಸೆಟ್ ಪಟ್ಟಿಯಲ್ಲಿ ಗೀಟು ಹಾಕುತ್ತಾರೆ. ಅದರ ಝೋನ್ ಹಾಗೇ ಇರುತ್ತದೆ, ಮಾಸ್ಕಿಂಗ್ ಹಾಗೇ ಇರುತ್ತದೆ, ಸ್ವಿಚ್ ಪಟ್ಟಿಯಲ್ಲಿ ಹೆಸರೂ ಇರುತ್ತದೆ. ಅದರ ಎಚ್‌ಬಿಎ ಕಾರ್ಡ್ ಚೆನ್ನಾಗಿದೆ ಅಂತ ಕಿತ್ತು ಟೆಸ್ಟ್ ಸರ್ವರ್‌ಗೆ ಹಾಕುತ್ತಾರೆ. ಕೇಬಲ್ ಅಲ್ಲೇ ನೇತಾಡುತ್ತಿರುತ್ತದೆ, ಅದನ್ನೇ ಚುಚ್ಚುತ್ತಾರೆ. ಹೆಸರು ಹಳೆಯದು, ಪೋರ್ಟೂ ಹಳೆಯದು. ಯಾವ ಕಾವಲೂ ತಡೆಯುವುದಿಲ್ಲ, ಹಳೆಯ ಸರ್ವರ್‌ನ ಡಿಸ್ಕ್‌ಗಳೆಲ್ಲ ಟೆಸ್ಟ್ ಸರ್ವರ್‌ಗೆ ಕಾಣುತ್ತವೆ. ಇಲ್ಲಿ ಯಾರೂ ಏನನ್ನೂ ಕದ್ದಿಲ್ಲ, ಆದರೆ ಮೊದಲು ಹೇಳಿದ ಇನಿಶಿಯಲೈಸ್ ಬಟನ್ ಈಗ ಅವರ ಮುಂದಿದೆ.

ಹಾಗಾಗಿ ಮೂರು ತಿಂಗಳಿಗೊಮ್ಮೆ ನಾನು ಎರಡು ಪಟ್ಟಿ ತೆಗೆಯುತ್ತೇನೆ. ಒಂದು ಪೋರ್ಟ್ ಸೆಕ್ಯುರಿಟಿಯ ಆಕ್ಟಿವ್ ಡೇಟಾಬೇಸ್, ಇನ್ನೊಂದು ಫ್ಲೋಗಿ ಡೇಟಾಬೇಸ್. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಹೆಸರುಗಳನ್ನು ಬೇರೆ ಮಾಡಿ, ಒಂದೊಂದನ್ನೂ ಹಿಡಿದು ಇದು ಯಾರದು ಅಂತ ಸರ್ವರ್ ಟೀಮಿಗೆ ಕೇಳುತ್ತೇನೆ. ಸ್ಟ್ಯಾಂಡ್‌ಬೈ ಅಂದರೆ ಪಕ್ಕದಲ್ಲಿ ಹಾಗಂತ ಬರೆದು ಬಿಡುತ್ತೇನೆ. ಯಾರದೂ ಅಲ್ಲ ಅಂತ ಖಚಿತವಾದರೆ ಝೋನ್, ಮಾಸ್ಕಿಂಗ್, ಪೋರ್ಟ್ ಸೆಕ್ಯುರಿಟಿ ಮೂರರಲ್ಲೂ ಆ ಸಾಲು ಅಳಿಸಿ, ಪೋರ್ಟ್ ಶಟ್ ಮಾಡಿ, ಮುಂದಿನ ಸಲ ಡೇಟಾ ಸೆಂಟರಿಗೆ ಹೋದಾಗ ಕೇಬಲ್ ಎಳೆದು ಎಸ್‌ಎಫ್‌ಪಿ ಕಿತ್ತು ಡಬ್ಬಿಗೆ ಹಾಕುತ್ತೇನೆ.